ಹನ್ನೊಂದು ಫೋಟೋ, ಒಂದು ಹಸು

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳು ವೀಣಾಳ ಹೊಸ ಮನೆಯ ಗೃಹಪ್ರವೇಶವಿತ್ತು. ಮನೆ ಇರುವುದು ಮೈಸೂರಿನ ಹಿನಕಲ್ ದಾಟಿ ಇನ್ನಷ್ಟು ದೂರ ಹೋದರೆ ಸಿಗುವ ಬಡಾವಣೆಯಲ್ಲಿ. ಆ ಕಡೆಗೆ ನಾನು ಹೋಗದೆ ಆರು ವರ್ಷವಾಗಿತ್ತು. ಹೋಗದಿರಲು ಕಾರಣ ಹುಡುಕುವುದರಲ್ಲಿ ನಾನು ನಿಸ್ಸೀಮ. ಆದರೆ ಎತ್ತಿ ಆಡಿಸಿದ ತಂಗಿಯ ಮನೆಗೆ ಏನು ಹೇಳಿ ತಪ್ಪಿಸಿಕೊಳ್ಳಲಿ? ಬೆಳಗಿನ ಮುಹೂರ್ತ. ಪುರೋಹಿತರು "ಗೋವು ಬಂತೇನ್ರೀ?" ಎಂದು ಮೂರು ಸಲ ಕೇಳಿದ ಮೇಲೆ ಗೂಡ್ಸ್ ಆಟೋದಿಂದ ಒಂದು ಹಸು, ಅದರ ಕರು ಇಳಿದವು. ಈಗ ಇದಕ್ಕೂ ಬಾಡಿಗೆಯವರಿದ್ದಾರೆ. ಫೋನ್ ಮಾಡಿದರೆ ಅಲಂಕಾರ ಸಮೇತ ಬಾಗಿಲಿಗೇ ತಂದು ನಿಲ್ಲಿಸುತ್ತಾರೆ.

ಹಸುವಿಗೆ ಟೈಲ್ಸ್ ನೆಲ ಹಿಡಿಸಲಿಲ್ಲ. ಕಾಲು ಜಾರುತ್ತದೆಂದು ಹೊಸ್ತಿಲಲ್ಲೇ ನಿಂತಿತು. ಗೋಣಿಚೀಲ ಹಾಸಿ, ಬೆಲ್ಲ ತೋರಿಸಿ ಒಳಗೆ ಕರೆದದ್ದಾಯಿತು. ನಡುಮನೆಗೆ ಬಂದದ್ದೇ ಸಗಣಿ ಹಾಕಿತು. "ಶುಭ, ಶುಭ" ಎಂದು ಎಲ್ಲರೂ ನಕ್ಕರು. ಹೊಸ ಪೇಂಟಿನ ವಾಸನೆಯ ನಡುವೆ ಆ ಬಿಸಿ ಸಗಣಿಯ, ಬೂಸದ, ಹಸುವಿನ ಮೈಯ ವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಹಸುವಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ವೀಣಾ ತನ್ನ ಫೋನನ್ನು ನನ್ನ ಕೈಗಿಟ್ಟು, "ರಾಘಣ್ಣ, ನನ್ದೊಂದು ತೆಗಿಯೋ. ಹಸು ಮುಖ ಚೆನ್ನಾಗಿ ಬರ್ಬೇಕು" ಎಂದಳು.

"ಬೇರೆ ಯಾರಿಗಾದ್ರೂ ಹೇಳಮ್ಮ" ಎಂದು ಫೋನು ವಾಪಸ್ ಕೊಟ್ಟು ಹಿತ್ತಲಿಗೆ ಬಂದುಬಿಟ್ಟೆ. ಹಸುವಿನ ಪಕ್ಕ ಹೆಂಗಸರನ್ನು ನಿಲ್ಲಿಸಿ ಫೋಟೋ ತೆಗೆಯುವುದು ಒಂದು ಕಾಲಕ್ಕೆ ನನ್ನ ಉದ್ಯೋಗವಾಗಿತ್ತು. ಒಂದೇ ವರ್ಷ ಮಾಡಿದೆ. ಆ ವರ್ಷ ಇನ್ನೂ ಮುಗಿದಿಲ್ಲ.

ಆಗ ನನಗೆ ಇಪ್ಪತ್ತಾರು. ಬಿ.ಕಾಂ. ಮುಗಿಸಿ ಮೂರು ಕಡೆ ಕೆಲಸ ಹಿಡಿದು ಬಿಟ್ಟವನು. ಹಳ್ಳಿಯ ಹೆಂಗಸರಿಗೆ ಸಣ್ಣ ಸಾಲ ಕೊಡುವ ಒಂದು ಕಂಪನಿಗೆ ಸೇರಿಕೊಂಡೆ. ಹಿನಕಲ್ಲಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ಅದರ ಬ್ರಾಂಚು. ಗೋಡೆಯ ತುಂಬ ನಗುವ ಹೆಂಗಸರ ಚಿತ್ರಗಳು. ಒಬ್ಬಳ ಮುಂದೆ ಹೊಲಿಗೆ ಯಂತ್ರ, ಒಬ್ಬಳ ಪಕ್ಕದಲ್ಲಿ ಕುರಿ. ತರಬೇತಿಯ ಮೂರು ದಿನ ನಮಗೆ ಹೇಳಿದ್ದೇನೆಂದರೆ, ಬಡವರಿಗೆ ಬೇಕಾದ್ದು ಭಿಕ್ಷೆಯಲ್ಲ, ನಂಬಿಕೆ. ಆಸ್ತಿಪತ್ರ ಬೇಡ, ಜಾಮೀನು ಬೇಡ, ಒಬ್ಬರಿಗೊಬ್ಬರು ಜವಾಬ್ದಾರಿಯಾದರೆ ಸಾಕು. ಕೇಳಿ ನನಗೆ ಕಣ್ಣು ಒದ್ದೆಯಾಗಿತ್ತು. ಈಗ ನೆನೆದರೆ ನಗು ಬರಬೇಕು, ಬರುವುದಿಲ್ಲ. ಆ ಮಾತು ಸುಳ್ಳಾಗಿರಲಿಲ್ಲ ಎನ್ನುವುದೇ ನನ್ನ ಸಂಕಟ.

ನಮ್ಮ ತಾತ ಅರಮನೆಯ ದನಗಳ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು. ಒಂದೊಂದು ಹಸುವಿಗೂ ರಿಜಿಸ್ಟರಿನಲ್ಲಿ ಒಂದೊಂದು ಪುಟ: ಹೆಸರು, ಬಣ್ಣ, ಕೊಂಬು, ಮೈಮೇಲಿನ ಸುಳಿ ಎಷ್ಟು, ಎಲ್ಲೆಲ್ಲಿ. ಒಂದು ಸುಳಿ ತಪ್ಪು ಬರೆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ನಾನು ಹಸು ಸಾಲದ ಕೆಲಸಕ್ಕೆ ಸೇರಿದಾಗ ಅಮ್ಮ, "ಅಂತೂ ತಾತನ ಕೆಲಸಾನೇ ಹಿಡಿದೆಯಲ್ಲೋ" ಎಂದು ಹೆಮ್ಮೆಪಟ್ಟಿದ್ದರು.

ನನ್ನ ಪಾಲಿಗೆ ಬಂದ ಊರುಗಳಲ್ಲಿ ಒಂದರ ವಿಷಯ ಮಾತ್ರ ಇಲ್ಲಿ ಹೇಳುತ್ತೇನೆ. ಊರಿನ ಹೆಸರು ಬೇಡ. ಹುಣಸೂರು ರಸ್ತೆಯಿಂದ ಒಳಕ್ಕೆ ಇಳಿದರೆ ಸಿಗುತ್ತಿತ್ತು. ಹೊಲಗಳೆಲ್ಲ ಆಗಲೇ ಸೈಟುಗಳಾಗಿದ್ದವು. ಮಾರಿದ ದುಡ್ಡು ಮದುವೆ, ಬೈಕು, ಆಸ್ಪತ್ರೆ ಅಂತ ಕರಗಿಹೋಗಿತ್ತು. ಗಂಡಸರು ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರು ಜಗಲಿಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಬೀದಿಗೆ ಕಾಲಿಟ್ಟರೆ ಕಪ್ಪು ಹಿಟ್ಟಿನ ವಾಸನೆ, ಮಣೆಯ ಮೇಲೆ ಕೈ ಉಜ್ಜುವ ಸದ್ದು. ಆ ಊರಿನ ನಮ್ಮ ಸಂಘದಲ್ಲಿ ಹನ್ನೆರಡು ಹೆಂಗಸರು. ರತ್ನಮ್ಮ ಲೀಡರು. ಗಟ್ಟಿ ಗಂಟಲು, ಗಟ್ಟಿ ಮನಸ್ಸು, ಊರಿನ ಎಲ್ಲರ ಕಷ್ಟಕ್ಕೂ ಮೊದಲು ಓಡಿಬರುವ ಹೆಂಗಸು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಓದುವವರು ಆಕೆಯನ್ನು ಕೆಟ್ಟವಳು ಅಂದುಕೊಳ್ಳಬಾರದು.

ಪ್ರತಿ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ರತ್ನಮ್ಮನ ಮನೆಯ ಪಡಸಾಲೆಯಲ್ಲಿ ಮೀಟಿಂಗು. ಚಾಪೆ ಹಾಸಿ ಎರಡು ಸಾಲಾಗಿ ಕೂರಬೇಕು. ಕೈ ಮುಂದೆ ಚಾಚಿ, "ಪಡೆದ ಸಾಲವನ್ನು ಹೇಳಿದ ಉದ್ದೇಶಕ್ಕೇ ಬಳಸುತ್ತೇವೆ, ಒಬ್ಬರ ಕಷ್ಟಕ್ಕೆ ಎಲ್ಲರೂ ಹೆಗಲು ಕೊಡುತ್ತೇವೆ" ಎಂದು ಪ್ರತಿಜ್ಞೆ ಹೇಳಬೇಕು. ಆಮೇಲೆ ಕಂತು. ಹನ್ನೆರಡು ಜನರದೂ ಬರುವ ತನಕ ಯಾರೂ ಚಾಪೆ ಬಿಟ್ಟು ಏಳುವ ಹಾಗಿಲ್ಲ. ಒಲೆಯ ಮೇಲೆ ಅನ್ನ ಇಟ್ಟು ಬಂದವಳಿಗೂ ಇದೇ ಕಟ್ಟಳೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರೆ ಹೇಗಾದರೂ ದುಡ್ಡು ಹುಟ್ಟುತ್ತದೆ ಎನ್ನುವುದು ನಮ್ಮ ಕಂಪನಿಯ ಲೆಕ್ಕಾಚಾರ. ಹುಟ್ಟುತ್ತಲೂ ಇತ್ತು.

ಸಾಲದ ಅರ್ಜಿಯಲ್ಲಿ ಉದ್ದೇಶ ಎಂಬ ಒಂದು ಖಾನೆ. ಅಲ್ಲಿ ಎಲ್ಲರದೂ "ಹೈನುಗಾರಿಕೆ". ಮಗಳ ಮದುವೆ ಎಂದು ಬರೆದರೆ ಸಾಲವಿಲ್ಲ, ಗಂಡನ ಆಪರೇಷನ್ ಎಂದರೆ ಇಲ್ಲ, ಮಗನ ಫೀಸು ಎಂದರೆ ಇಲ್ಲ. ಹಸು ಎಂದರೆ ಉಂಟು. ಹೀಗಾಗಿ ನಮ್ಮ ಕಾಗದದ ಮೇಲಿನ ಹಸುಗಳೆಲ್ಲ ಹಾಲು ಕರೆದಿದ್ದರೆ ಮೈಸೂರಿನಲ್ಲಿ ಕಾಲುವೆಯೇ ಹರಿಯಬೇಕಿತ್ತು. ನಿಜವಾಗಿ ಹಸು ಕೊಂಡವರು ಆ ಸಂಘದಲ್ಲಿ ಒಬ್ಬರೇ ಒಬ್ಬರು, ಚಿಕ್ಕತಾಯಮ್ಮ.

ಅವರ ಗಂಡ ಗಾರೆ ಕೆಲಸಕ್ಕೆ ಹತ್ತಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂರು ಹೊತ್ತೂ ಜಗಲಿಯ ಮೇಲೆ ಕೂತಿರುತ್ತಿದ್ದರು. ಚಿಕ್ಕತಾಯಮ್ಮ ಬಡಾವಣೆಯ ಐದು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಾನು ಸೇರುವ ಹೊತ್ತಿಗೆ ಎರಡು ವರ್ಷದ ಸಾಲ ತೆಗೆದು, ಕಪ್ಪು ಬಿಳಿ ಬಣ್ಣದ ಒಂದು ಸೀಮೆಹಸು ತಂದಿದ್ದರು. ಹಣೆಯ ಮೇಲೆ ಬಿಳಿ ಚುಕ್ಕೆ, ಅದಕ್ಕೇ ಹೆಸರು ಚುಕ್ಕಿ. ಎಡಗಿವಿಯ ತುದಿ ಸ್ವಲ್ಪ ಹರಿದಿತ್ತು. ನಾನು ಸೇರಿದ ಮೊದಲ ವಾರವೇ ಸಾಲದ ಬಳಕೆ ಪರಿಶೀಲಿಸಲು ಅವರ ಕೊಟ್ಟಿಗೆಗೆ ಹೋಗಿದ್ದೆ. ಆಗ ಫೋಟೋ ಗೀಟೋ ಇರಲಿಲ್ಲ. "ಖುದ್ದಾಗಿ ನೋಡಿದ್ದೇನೆ" ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಹಾಕಿದೆ. ಅವರು ಹಸಿರು ಗಾಜಿನ ಬಳೆಯ ಕೈಯಲ್ಲಿ ದೊಡ್ಡ ಲೋಟದ ತುಂಬ ಮಜ್ಜಿಗೆ ಕೊಟ್ಟರು.

"ಕುಡೀರಿ ಸಾ. ನಿಮ್ ಸಂಘದ ಹಸೂದೇ" ಎಂದರು. "ಅಲ್ಲಾ ಸಾ, ಮೊದ್ಲು ನಾನು ಕಂಡೋರ್ ಮನೆ ಹಾಲಿನ್ ಪಾತ್ರೆ ತೊಳೀತಿದ್ದೆ. ಈಗ ಅವ್ರೇ ಪಾತ್ರೆ ಇಡ್ಕೊಂಡು ನಮ್ಮನೆ ಬಾಗ್ಲಿಗ್ ಬತ್ತರೆ. ಒಂದೊಂದ್ ಮನೇನೇ ಬುಟ್ಟೆ. ಮೊನ್ನೆ ಐದ್ನೇ ಮನೇನೂ ಬುಟ್ಬುಟ್ಟೆ ಕಣ್ ಸಾ."

ಐದನೇ ಮನೆ ಬಿಟ್ಟದ್ದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ನಮ್ಮ ಬ್ರಾಂಚಿನ ಗೋಡೆಯ ಚಿತ್ರಗಳಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಬಡತನ ಹೋಗುವುದೆಂದರೆ ಏನೆಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ತಿಳಿದ ಉತ್ತರ ಅದೊಂದೇ. ನಾನು ಆ ದಿನ ಬೈಕು ಓಡಿಸಿಕೊಂಡು ವಾಪಸ್ ಬರುವಾಗ ಯಾವುದೋ ಪುಣ್ಯದ ಕೆಲಸ ಮಾಡುತ್ತಿದ್ದೇನೆಂದು ಬೀಗಿದ್ದೆ.

ಯುಗಾದಿ ಕಳೆದ ಮೇಲೆ ದೊಡ್ಡ ಆಫೀಸಿನಿಂದ ಹೊಸ ಆದೇಶ ಬಂತು. ಇನ್ನು ಮೇಲೆ ಸಾಲ ಪಡೆದವಳು ತಾನು ಕೊಂಡ ಆಸ್ತಿಯ ಜೊತೆ ನಿಂತ ಫೋಟೋ ಕಡ್ಡಾಯ. ಆ ಊರಿನಲ್ಲಿ ಚಿಕ್ಕತಾಯಮ್ಮನನ್ನು ಬಿಟ್ಟು ಹನ್ನೊಂದು ಜನರೂ ಹಳೆಯದನ್ನು ತೀರಿಸಿ ಹೊಸ ಸಾಲ ಎತ್ತಿದ್ದರು. ತಿಂಗಳ ಕೊನೆ. ಹನ್ನೊಂದು ಫೋಟೋ ಹೋಗದಿದ್ದರೆ ನನ್ನ ಸಂಬಳಕ್ಕೆ ಕತ್ತರಿ. ಚಾಪೆಯ ಮೇಲೆ ತಲೆ ಕೆರೆದುಕೊಂಡು ಕೂತವನಿಗೆ ರತ್ನಮ್ಮನೇ ದಾರಿ ತೋರಿಸಿದರು.

"ಅದ್ಕ್ಯಾಕ್ ಇಷ್ಟ್ ಯೋಚ್ನೆ ಸಾ? ಹಸು ತಾನೇ ಬೇಕಿರೋದು? ಚಿಕ್ತಾಯಿ ಮನೇಲಿ ಅದಲ್ಲ. ನಿಂತ್ಕಂಡ್ರೆ ಆಯ್ತು."

ನಾನು ಚಿಕ್ಕತಾಯಮ್ಮನ ಕಡೆ ನೋಡಿದೆ. ಅವರಿಗೆ ಇದು ಕೇಳಬೇಕಾದ ಮಾತೂ ಅನ್ನಿಸಲಿಲ್ಲ. "ಬನ್ನಿ ಬನ್ನಿ. ಮಜ್ಜಿಗೆಗ್ ಬಂದೋರ್ನ, ಹಸು ಪೂಜೆಗ್ ಬಂದೋರ್ನ ಬ್ಯಾಡ ಅನ್ನಕ್ಕಾಯ್ತದಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದರು. ಆ ಊರಿನಲ್ಲಿ ಯಾರ ಮನೆಗೆ ನೆಂಟರು ಬಂದರೂ ಪಕ್ಕದ ಮನೆಯ ಚಾಪೆ, ತಟ್ಟೆ, ಲೋಟ ಹೋಗುತ್ತಿದ್ದವು. ಹಸುವೂ ಹಾಗೆಯೇ ಹೋಯಿತು.

ಆ ಬೆಳಿಗ್ಗೆ ನಾವು ನಕ್ಕಷ್ಟು ಆ ವರ್ಷ ಮತ್ತೆ ನಗಲಿಲ್ಲ. ಹೆಂಗಸರೆಲ್ಲ ಒಳ್ಳೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಎಲ್ಲ ಫೋಟೋದಲ್ಲೂ ಒಂದೇ ಹಸು ಅಂತ ಗೊತ್ತಾಗಬಾರದಲ್ಲ. ನನ್ನ ಜಾಣತನವೆಲ್ಲ ಹೊರಬಂತು. ಒಬ್ಬರನ್ನು ಎಡಕ್ಕೆ ನಿಲ್ಲಿಸಿದೆ, ಒಬ್ಬರನ್ನು ಬಲಕ್ಕೆ. ಒಮ್ಮೆ ಚುಕ್ಕೆಯ ಮೇಲೆ ಅರಿಸಿನ ಬಳಿಸಿದೆ, ಒಮ್ಮೆ ಬೆನ್ನ ಮೇಲೆ ಗೋಣಿ ಹೊದಿಸಿದೆ. ಒಮ್ಮೆ ಹುಣಸೆಮರದ ಕೆಳಗೆ, ಒಮ್ಮೆ ರತ್ನಮ್ಮನ ಮನೆಯ ಬಾಗಿಲಲ್ಲಿ. ಚುಕ್ಕಿ ಹೊಸಬರ ಕೈಗೆ ನಿಲ್ಲುವ ಹಸುವಲ್ಲ. ಪ್ರತಿ ಸಲವೂ ಚಿಕ್ಕತಾಯಮ್ಮನೇ ಹಗ್ಗ ಹಿಡಿದು, ಕೊರಳ ಕೆಳಗಿನ ಗಂಗೆದೊಗಲು ನೇವರಿಸುತ್ತ ನಿಂತಿರಬೇಕಾಯಿತು. ನಾನು ಫೋನು ಹಿಡಿದು, "ಚಿಕ್ಕತಾಯಮ್ಮ, ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ, ಫೋಟೋದಲ್ಲಿ ಬರ್ಬೇಡಿ" ಎಂದೆ.

"ನಾನ್ಯಾಕ್ ಬರ್ಲಿ ಬುಡಿ ಸಾ. ನಮ್ಮನೇಲೇ ಅವ್ಳಲ್ಲ, ದಿನಾ ನೋಡ್ತಿನಿ" ಎಂದು ಅವರು ಪಕ್ಕಕ್ಕೆ ಸರಿದರು.

ಕಂಪನಿ ಕೊಟ್ಟ ಟ್ಯಾಬು ಬಿಸಿಲಿಗೆ ನಿಂತುಹೋಗುತ್ತಿತ್ತು. ಎಲ್ಲವನ್ನೂ ನನ್ನ ಫೋನಿನಲ್ಲೇ ತೆಗೆದು ಆಮೇಲೆ ಕಳುಹಿಸಿದೆ. ಹನ್ನೊಂದೂ ಪಾಸಾದವು. ಪ್ರತಿಯೊಬ್ಬರೂ ಹೋಗುವಾಗ ಚುಕ್ಕಿಯ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರಿಗೆಲ್ಲ ಅದೊಂದು ಹಬ್ಬದ ಹಾಗಿತ್ತು, ನನಗೆ ಪೂರ್ತಿ ಸಂಬಳ ಬಂದಿತ್ತು.

ಮಳೆ ಹಿಡಿದದ್ದು ಆಷಾಢದಲ್ಲಿ. ಆ ತಿಂಗಳ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಜನ ನುಗ್ಗುವ ಕಾಲ. ಊದುಬತ್ತಿಗೆ ಬೇಡಿಕೆ ಏರಬೇಕು. ಪ್ರತಿ ವರ್ಷ ಆ ಹೊತ್ತಿಗೆ ಊದುಬತ್ತಿಯ ಮೇಸ್ತ್ರಿ ಎರಡರಷ್ಟು ಹಿಟ್ಟು, ಕಡ್ಡಿ ತಂದು ಹಾಕುತ್ತಿದ್ದನಂತೆ. ಆ ವರ್ಷ ಅವನು ಬರಲೇ ಇಲ್ಲ. ಎರಡು ವಾರ ಕಾದ ಮೇಲೆ ಸುದ್ದಿ ಬಂತು, ಅವನ ಸಾಹುಕಾರರು ಹೊಸೆಯುವ ಮಿಷನ್ ಕೂರಿಸಿದ್ದಾರೆ. ಹತ್ತು ಹೆಂಗಸರು ದಿನವಿಡೀ ಮಾಡುವುದನ್ನು ಅದು ಊಟದ ಹೊತ್ತಿಗೆ ಮುಗಿಸುತ್ತದಂತೆ. ಮಳೆಗೆ ಗಾರೆ ಕೆಲಸವೂ ನಿಂತಿತ್ತು. ಆ ಬೀದಿಯಲ್ಲಿ ಮಣೆ ಉಜ್ಜುವ ಸದ್ದು ನಿಂತುಹೋದದ್ದು ನನಗೆ ಮೊದಲ ಮಂಗಳವಾರವೇ ಕಿವಿಗೆ ಬಿತ್ತು. ನಾನು ಅದರ ಬಗ್ಗೆ ಏನೂ ಕೇಳಲಿಲ್ಲ. ಕೇಳಿದರೆ ಕಂತಿನ ಮಾತು ಕಷ್ಟವಾಗುತ್ತದೆ.

ಅಲ್ಲಿಂದ ಚಾಪೆಯ ಮೇಲೆ ಕೂರುವ ಹೊತ್ತು ಉದ್ದವಾಗುತ್ತ ಹೋಯಿತು. ಎಂಟಕ್ಕೆ ಕೂತವರು ಹತ್ತಕ್ಕೆ ಏಳುತ್ತಿದ್ದರು, ಆಮೇಲೆ ಹನ್ನೆರಡಕ್ಕೆ. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹನ್ನೆರಡು ಹೆಂಗಸರ ಮೌನ. ಮಗುವಿಗೆ ಹಾಲೂಡಿಸುವವಳು ಅಲ್ಲೇ ಗೋಡೆ ಕಡೆ ತಿರುಗಿ ಊಡಿಸುತ್ತಿದ್ದಳು. ಕೊನೆಗೆ ಎಲ್ಲರ ಕಣ್ಣೂ ಚಿಕ್ಕತಾಯಮ್ಮನ ಕಡೆ ಹೋಗುತ್ತಿದ್ದವು. ಡೈರಿಯ ದುಡ್ಡು ಇದ್ದದ್ದು ಅವರೊಬ್ಬರ ಹತ್ತಿರ. ಮೊದಲು ಒಬ್ಬಳಿಗಾಗಿ ಕಟ್ಟಿದರು, ಆಮೇಲೆ ಮೂವರಿಗಾಗಿ, ಆಮೇಲೆ ಯಾರ್ಯಾರಿಗೆಂದು ಅವರಿಗೇ ತಿಳಿಯದಷ್ಟು. ಒಂದು ವಾರ ನನ್ನ ಹತ್ತಿರ ಬಂದು ಪಿಸುಗುಟ್ಟಿದರು.

"ಸಾ, ಹಸೀಗೆ ಹಿಂಡಿ ತಂದಿಲ್ಲ. ಗಬ್ಬ ಆಗವ್ಳೆ, ಆರ್ ತಿಂಗ್ಳು. ಈ ಸಲ ನಂದೊಂದೇ ಕಟ್ತೀನಿ, ಆಗಲ್ವಾ?"

"ರೂಲ್ಸ್ ಇಲ್ವಲ್ಲಮ್ಮ" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಬರೆ ಹಾಕುವವನು ನಾನೇ ಆಗುತ್ತೇನೆಂದು ತಿಳಿದಿರಲಿಲ್ಲ. ಅವರು ಆ ವಾರವೂ ಕಟ್ಟಿದರು.

ಗೌರಿ ಹಬ್ಬದ ಹೊತ್ತಿಗೆ ಅದೂ ಮುಗಿಯಿತು. ಎರಡು ಮಂಗಳವಾರ ನಾನು ಬರಿಗೈಯಲ್ಲಿ ಬ್ರಾಂಚಿಗೆ ಹೋದೆ. ಮೂರನೇ ಮಂಗಳವಾರ ಮ್ಯಾನೇಜರ್ ಸಾಹೇಬರು ತಾವೇ ನನ್ನ ಬೈಕಿನ ಹಿಂದೆ ಕೂತು ಬಂದರು. ಅವರು ಕೂಗಾಡುವ ಮನುಷ್ಯರಲ್ಲ. ರತ್ನಮ್ಮನ ಮನೆಯ ಕಾಫಿ ಕುಡಿದರು, ಮಕ್ಕಳನ್ನು ವಿಚಾರಿಸಿದರು. ಆಮೇಲೆ ಟ್ಯಾಬು ತೆರೆದು ಚಾಪೆಯ ಮೇಲಿಟ್ಟು ಒಂದೊಂದೇ ಫೋಟೋ ಸರಿಸುತ್ತ ಕೇಳಿದರು.

"ನೋಡಿಮ್ಮಾ, ಈ ಫೋಟೋಗಳ ಪ್ರಕಾರ ಈ ಊರಲ್ಲಿ ನಮ್ಮ ದುಡ್ಡಿನ ಹಸು ಹನ್ನೊಂದಿರ್ಬೇಕು. ಎಲ್ಲಿವೆ ತೋರ್ಸಿ. ಇದ್ರೆ ಒಂದೊಂದು ಮಾರಿ ಬಾಕಿ ಕಟ್ಟಿ. ಇಲ್ಲ ಅಂದ್ರೆ ಸುಳ್ಳು ಫೋಟೋ ಕೊಟ್ಟು ಸಾಲ ತಗೊಂಡ ಹಾಗಾಯ್ತು. ಅದು ಚೀಟಿಂಗ್ ಕೇಸು. ಪೊಲೀಸ್ ಸ್ಟೇಷನ್ನಿಗೆ ನೀವೂ ಬರ್ಬೇಕಾಗತ್ತೆ, ಫೋಟೋ ತೆಗೆದ ಇವನೂ ಬರ್ಬೇಕಾಗತ್ತೆ."

ಪೊಲೀಸ್ ಎಂದದ್ದೇ ಹೆಂಗಸರ ಮುಖದ ಬಣ್ಣ ಹೋಯಿತು. ನನ್ನದೂ ಹೋಗಿರಬೇಕು. ರತ್ನಮ್ಮ ಬಾಯಿ ತೆರೆದರು. ಆ ಗಟ್ಟಿ ಗಂಟಲು ಅವತ್ತು ಕೀರಲಾಗಿತ್ತು.

"ಸುಳ್ಳಲ್ಲ ಸಾ. ಹಸು ಅದೆ. ಎಲ್ರೂ ಸೇರಿ ಒಂದೇ ತಂದಿರದು. ಸಂಘದ್ ಹಸು. ಚಿಕ್ತಾಯಿ ಮನೇಲಿ ಕಟ್ಟಿದೀವಿ, ಅಷ್ಟೇಯ."

ಚಿಕ್ಕತಾಯಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ, "ಏ ರತ್ನಿ, ಏನಮ್ಮಿ ಅಂದೆ? ಯಾರ್ದು ಹಸು?" ಎಂದು ಚಾಪೆಯ ಮೇಲೆ ಮಂಡಿಯೂರಿ ಎದ್ದರು. "ನಾನ್ ತಂದಿದ್ದಲ್ವಾ? ಸಂತೆಯಿಂದ ನಡಸ್ಕೊಂಡ್ ಬಂದಿದ್ದು ನಾನಲ್ವಾ? ಯೋಳ್ರಮ್ಮಿ ಯಾರಾರ!"

ಹನ್ನೊಂದು ಹೆಂಗಸರಲ್ಲಿ ನಾಲ್ಕೈದು ಜನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಮ್ಯಾನೇಜರು ಟ್ಯಾಬಿನಲ್ಲಿ ಚಿಕ್ಕತಾಯಮ್ಮನ ಹೆಸರು ಒತ್ತಿ, "ಎಲ್ಲರ ಫೋಟೋನೂ ಇದೆ, ನಿಮ್ಮದೇ ಇಲ್ವಲ್ಲಮ್ಮ" ಎಂದರು. ನಾನು ಸಹಿ ಹಾಕಿದ ಕಾಗದ ಬ್ರಾಂಚಿನ ಕಡತದಲ್ಲಿತ್ತು, ಟ್ಯಾಬಿನಲ್ಲಿ ಇರಲಿಲ್ಲ. ಆಗ ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಒಂದು ನೆಮ್ಮದಿ ಬಂದುಬಿಟ್ಟಿತು. ಅದನ್ನು ನಾನು ಸಾಯುವ ತನಕ ಮರೆಯಲಾರೆ.

"ಇವ್ರ್ ನೋಡವ್ರೆ ಸಾ. ಈ ಸಾರ್ ಕಣ್ಣಾರೆ ನೋಡವ್ರೆ. ಕೊಟ್ಗೇಗ್ ಬಂದು ಮಜ್ಜಿಗೆ ಕುಡ್ದೋಗವ್ರೆ. ನೀವೇ ಯೋಳಿ ಸಾ, ಯಾರ ಹಸ ಅಂತವ."

ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. "ಹೇಳು ರಾಘು, ಒಂದೇ ಹಸೂನಾ? ಯಾರದ್ದು?"

ನಿಜ ಹೇಳಿದ್ದರೆ ಏನಾಗುತ್ತಿತ್ತು? ಹನ್ನೊಂದು ಹೆಂಗಸರ ಮೇಲೆ ಕೇಸು ಬೀಳುತ್ತಿತ್ತೇನೋ, ಬೀಳುತ್ತಿರಲಿಲ್ಲವೇನೋ. ನನ್ನ ಕೆಲಸವಂತೂ ಹೋಗುತ್ತಿತ್ತು. ಆರು ವರ್ಷದಿಂದ ನಾನು ನನಗೆ ಹೇಳಿಕೊಳ್ಳುತ್ತ ಬಂದಿರುವುದು, ಹನ್ನೊಂದು ಜನರನ್ನು ಉಳಿಸಲು ಒಬ್ಬರನ್ನು ಬಿಟ್ಟುಕೊಟ್ಟೆ ಎಂದು. ಸುಳ್ಳು. ಆ ಕ್ಷಣದಲ್ಲಿ ನನಗೆ ಆ ಹನ್ನೊಂದು ಜನರ ನೆನಪೇ ಇರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ನಾನು, ವಿಷಯ ತಿಳಿದ ಅಪ್ಪ, ಇಷ್ಟೇ ಕಣ್ಣ ಮುಂದೆ ಇದ್ದದ್ದು.

"ಫೋಟೋದಲ್ಲಿ ಇವರೆಲ್ಲ ಇದ್ದಾರಲ್ಲ ಸಾರ್" ಎಂದೆ. "ಸಂಘದ್ದೇ."

ಚಿಕ್ಕತಾಯಮ್ಮ ಬೈದಿದ್ದರೆ, ಮಣ್ಣು ತೂರಿದ್ದರೆ ನನಗೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಮಂಡಿಯೂರಿ ಎದ್ದವರು ಮೆಲ್ಲಗೆ ಚಾಪೆಯ ಮೇಲೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. ಹಣ ಪೂರ್ತಿ ಬರುವ ತನಕ ಏಳುವ ಹಾಗಿಲ್ಲವಲ್ಲ, ಹಾಗೆಯೇ ಕೂತರು.

ಪಿತೃಪಕ್ಷದ ಒಂದು ಬೆಳಿಗ್ಗೆ ಚುಕ್ಕಿಯನ್ನು ಒಯ್ಯಲು ದನದ ವ್ಯಾಪಾರಿ ಗೂಡ್ಸ್ ಆಟೋ ತಂದ. ನಾನು ಅಲ್ಲಿರಬೇಕೆಂದು ಮ್ಯಾನೇಜರು ಕಳಿಸಿದ್ದರು. ಗಬ್ಬದ ಹಸುವೆಂದು ಒಳ್ಳೆ ಬೆಲೆ ಬಂತು. ಹನ್ನೊಂದು ಹೆಂಗಸರೂ ಬಂದಿದ್ದರು. ಯಾರೂ ಕರೆದಿರಲಿಲ್ಲ. ರತ್ನಮ್ಮ ಚುಕ್ಕಿಯ ಹಣೆಗೆ ಕುಂಕುಮ ಇಟ್ಟು, ಕಾಲು ಮುಟ್ಟಿ, ಚಿಕ್ಕತಾಯಮ್ಮನ ಕೈ ಹಿಡಿಯಲು ಹೋದರು. ಇವರು ಕೈ ಹಿಂದಕ್ಕೆ ತೆಗೆದುಕೊಂಡರು. ಆಟೋ ಹತ್ತಲು ಚುಕ್ಕಿ ಒಪ್ಪಲಿಲ್ಲ. ನಾಲ್ಕು ಗಂಡಸರು ತಳ್ಳಿದರೂ ಕಾಲು ನೆಟ್ಟು ನಿಂತಿತು. ಕೊನೆಗೆ ಚಿಕ್ಕತಾಯಮ್ಮನೇ ಆಟೋದೊಳಗೆ ಹತ್ತಿ, "ಬಾ ಅವ್ವ" ಎಂದು ಕರೆದರು. ಕರೆದ ಕೂಡಲೇ ಹತ್ತಿತು. ಅದಕ್ಕೆ ಅವರನ್ನು ನಂಬುವುದು ಮಾತ್ರ ಗೊತ್ತಿತ್ತು.

ಜಗಲಿಯ ಮೇಲಿಂದ ಗಂಡ ಕೂಗಿದರು. "ಹಗ್ಗ ಬಿಚ್ಕೊಳಮ್ಮಿ. ಹಗ್ಗ ಕೊಡ್ಬ್ಯಾಡ." ಹಸು ಮಾರಿದರೂ ಅದರ ಹಗ್ಗ ಕೊಡಬಾರದು, ಹಗ್ಗ ಮನೆಯಲ್ಲುಳಿದರೆ ಕೊಟ್ಟಿಗೆ ಬರಿದಾಗುವುದಿಲ್ಲ ಎನ್ನುವುದು ಆ ಕಡೆಯ ನಂಬಿಕೆ. ವ್ಯಾಪಾರಿ ತಂದ ಹೊಸ ಹಗ್ಗ ಕಟ್ಟಿದ ಮೇಲೆ ಚಿಕ್ಕತಾಯಮ್ಮ ಹಳೆಯದನ್ನು ಬಿಚ್ಚಿ ಕೈಗೆ ಸುತ್ತಿಕೊಂಡು ಇಳಿದರು. ಆಟೋ ತಿರುವು ದಾಟುವ ತನಕ ಚುಕ್ಕಿ ಕೂಗುತ್ತಲೇ ಇತ್ತು.

ಆ ತಿಂಗಳು ಬಾಕಿಯೇ ಇಲ್ಲದ ಬ್ರಾಂಚು ಎಂದು ನಮಗೆ ಶಹಭಾಷ್ ಸಿಕ್ಕಿತು. ಆಯುಧಪೂಜೆಯ ಹಿಂದಿನ ದಿನ ಮ್ಯಾನೇಜರು ಕೇಕ್ ತರಿಸಿದರು. ನನ್ನ ಬಾಯಿಗೂ ಒಂದು ತುಂಡು ಇಟ್ಟರು, ತಿಂದೆ. ಬನ್ನಿಮಂಟಪದ ಹತ್ತಿರವೇ ನಮ್ಮ ಮನೆ. ಪಂಜಿನ ಕವಾಯತಿನ ತಾಲೀಮಿನ ವಾದ್ಯ ಕೇಳಿಸುತ್ತಿತ್ತು, ಊರಿಗೆ ಊರೇ ದೀಪ ಹಾಕಿಕೊಂಡಿತ್ತು. ಆ ದಸರೆಯಲ್ಲಿ ನಾನು ಮನೆಯಿಂದ ಹೊರಗೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಅಮ್ಮನಿಗೆ ಹೇಳಿ ಮಲಗಿದ್ದೆ.

ಇಷ್ಟೆಲ್ಲ ಮಾಡಿ ಉಳಿದದ್ದಾದರೂ ಏನು? ಚುಕ್ಕಿ ಮಾರಿದ ದುಡ್ಡು ಐದು ಮಂಗಳವಾರಕ್ಕೆ ಸಾಕಾಯಿತು. ಆರನೆಯದಕ್ಕೆ ಮತ್ತೆ ಅದೇ ಚಾಪೆ, ಅದೇ ಮೌನ. ಈಗ ಕೊಡಲು ಊರಿನಲ್ಲಿ ಇನ್ನೊಂದು ಹಸುವೂ ಇರಲಿಲ್ಲ. ದೀಪಾವಳಿ ಕಳೆದ ಸ್ವಲ್ಪ ದಿನಕ್ಕೆ ಮೂರು ಮನೆಗಳಿಗೆ ಬೀಗ ಬಿದ್ದಿತ್ತು. ಅದರಲ್ಲಿ ರತ್ನಮ್ಮನದೂ ಒಂದು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ, ಕೊಡಗಿನ ಯಾವುದೋ ತೋಟ ಎಂದರು. ಪಡಸಾಲೆಯ ಕಿಟಕಿಯಿಂದ ನೋಡಿದೆ. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಕಂಪನಿ ಆ ಸಂಘವನ್ನು ಮುಚ್ಚಿತು. ಕೇಸೂ ಇಲ್ಲ, ಏನೂ ಇಲ್ಲ. ಮ್ಯಾನೇಜರಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಕೆಲಸ ಬಿಟ್ಟೆ. ಆಗ ಬಿಟ್ಟದ್ದರಲ್ಲಿ ಯಾವ ದೊಡ್ಡಸ್ತಿಕೆಯೂ ಇರಲಿಲ್ಲ.

ವೀಣಾಳ ಮನೆಯ ಹಿತ್ತಲಿನಲ್ಲಿ ಇದನ್ನೆಲ್ಲ ನೆನೆಯುತ್ತ ನಿಂತಿದ್ದವನಿಗೆ ನಲ್ಲಿಯ ಬಳಿ ದೊಡ್ಡ ಪಾತ್ರೆಗಳ ರಾಶಿಯ ಮುಂದೆ ಒಬ್ಬರು ಕುಕ್ಕರಗಾಲಿನಲ್ಲಿ ಕೂತಿರುವುದು ಕಾಣಿಸಿತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಹಸಿರು ಗಾಜಿನ ಬಳೆ ಹಾಗೆಯೇ ಇದೆ. ನಾನು ಹಿಂದೆ ಸರಿಯುವ ಮೊದಲೇ ತಲೆಯೆತ್ತಿ ನೋಡಿದರು.

"ಅಯ್ಯೋ, ಸಂಘದ್ ಸಾರಲ್ವಾ?" ಎಂದರು ಚಿಕ್ಕತಾಯಮ್ಮ. "ಎಂಗಿದೀರಿ ಸಾ? ಮದ್ವೆ ಆಯ್ತಾ?"

ಆಯಿತು ಎಂದೆ. "ನೀವು ಹೇಗಿದೀರಾ?" ಎಂದೆ, ಕಣ್ಣೆದುರೇ ಕಾಣುತ್ತಿದ್ದರೂ.

"ಅವೇ ಮನೆಗ್ಳು ಸಾ. ಐದಿದ್ದವು, ಈಗ ಏಳು. ಯಜಮಾನ್ರು ಓದ್ರು, ಮೂರ್ ವರ್ಸಾಯ್ತು. ಬಳೆ ಮಾತ್ರ ತೆಗಿಯಕ್ ಮನಸ್ ಬರ್ನಿಲ್ಲ." ಪಾತ್ರೆ ಉಜ್ಜುತ್ತಲೇ ಹೇಳಿದರು. ಒಳಗಿನಿಂದ ನಗು, ಫೋಟೋ ತೆಗೆಯುವವರ ಗದ್ದಲ ಕೇಳಿಸುತ್ತಿತ್ತು. "ಒಳ್ಗ್ ಬಂದದಲ್ಲ, ಆ ಹಸೀನ ನೋಡ್ದೆ. ಬರೀ ಮೂಳೆ. ನಮ್ ಚುಕ್ಕಿ ಎಂಗಿದ್ಲು!"

ನಾನು ತಲೆ ತಗ್ಗಿಸಿದೆ. ಅವರೇ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದರು.

"ಸಾ, ಒಂದ್ ಕೇಳ್ತಿನಿ, ಬೇಜಾರ್ ಮಾಡ್ಕೊಬ್ಯಾಡಿ. ಅವತ್ತು ಎಲ್ರುದೂ ಫೋಟೋ ಇಡುದ್ರಲ್ಲ ನಿಮ್ ಫೋನಲ್ಲಿ, ಅವು ಇದ್ದವಾ? ನಂದೂ ಚುಕ್ಕೀದೂ ಒಂದ್ ಇದ್ರೆ ಪ್ರಿಂಟ್ ಹಾಕ್ಸ್ಕೊಡಿ. ಕಾಸು ಕೊಟ್ಬುಡ್ತಿನಿ. ಹಗ್ಗ ಗ್ವಾಡೆ ಮ್ಯಾಲೆ ನೇತ್ ಹಾಕಿವ್ನಿ. ಅದ್ರ ಪಕ್ಕ ಹಾಕಣ ಅಂತವ."

"ನೋಡ್ತೀನಮ್ಮ. ತಂದ್ಕೊಡ್ತೀನಿ" ಎಂದೆ. ಊಟಕ್ಕೆ ನಿಲ್ಲದೆ ಮನೆಗೆ ಬಂದೆ.

ಹಳೆಯ ಫೋಟೋಗಳೆಲ್ಲ ಇನ್ನೂ ಇವೆ. ಫೋನು ಬದಲಾದರೂ ಅವು ಬೆನ್ನು ಬಿಡದೆ ಬಂದಿವೆ. ಕೂತು ಹನ್ನೊಂದನ್ನೂ ನೋಡಿದೆ. ರತ್ನಮ್ಮ ಇದ್ದಾರೆ. ಮಗುವನ್ನು ಸೊಂಟದ ಮೇಲೆ ಹೊತ್ತವಳು ಇದ್ದಾಳೆ. ಅರಿಸಿನ ಬಳಿದ ಚುಕ್ಕಿ, ಗೋಣಿ ಹೊದ್ದ ಚುಕ್ಕಿ, ಹುಣಸೆಮರದ ಕೆಳಗಿನ ಚುಕ್ಕಿ, ಎಲ್ಲ ಇದೆ. ಚಿಕ್ಕತಾಯಮ್ಮನ ಮುಖ ಒಂದರಲ್ಲೂ ಇಲ್ಲ. ಪ್ರತಿಯೊಂದರ ಅಂಚಿನಲ್ಲೂ ಹಗ್ಗ ಹಿಡಿದ ಒಂದು ಕೈ ಇದೆ, ಹಸಿರು ಬಳೆಯ ಕೈ. ಮೊಣಕೈಯಿಂದ ಆಚೆಗೆ ಏನೂ ಇಲ್ಲ. ಚುಕ್ಕಿ ಮಾತ್ರ ಹನ್ನೊಂದರಲ್ಲೂ ಪಕ್ಕದಲ್ಲಿ ನಿಂತವಳನ್ನು ಬಿಟ್ಟು ಆ ಆಚೆಗೇ ನೋಡುತ್ತಿದೆ.

ಮೂರು ವಾರವಾಯಿತು, ನಾನು ಅವರ ಮನೆಗೆ ಹೋಗಿಲ್ಲ. ಅವರು ವೀಣಾಳ ಹತ್ತಿರ ಎರಡು ಸಲ ಕೇಳಿದರಂತೆ, ಸಾರ್ ಬರ್ತೀನಿ ಅಂದಿದ್ರು, ಬಂದಿದ್ರಾ ಅಂತ. ಏನೆಂದು ಹೋಗಲಿ? ಸ್ವಲ್ಪ ಆಚೆ ನಿಂತ್ಕೊಳ್ಳಿ, ಫೋಟೋದಲ್ಲಿ ಬರ್ಬೇಡಿ ಎಂದು ಹನ್ನೊಂದು ಸಲ ಹೇಳಿದವನು ನಾನೇ.